‘ನಾನು ಸಾಕ್ಷಿ ಮಾತ್ರ’: ಅರಿವೋ, ಮರಗಟ್ಟಿದ ದುಃಖವೋ?

ಸುಮತಿಯವರಿಗೆ 43 ವರ್ಷ. ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ಹೆಸರನ್ನೂ ಗುರುತು ಹಿಡಿಯಬಹುದಾದ ವಿವರಗಳನ್ನೂ ಬದಲಿಸಿ, ಬರೆದದ್ದನ್ನು ಮೊದಲು ಅವರಿಗೇ ಓದಲು ಕೊಟ್ಟು, ಒಪ್ಪಿಗೆ ಪಡೆದ ಮೇಲೆ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ಮೇಡಂ, ನನಗೆ ಆಗಿರೋದು ಜ್ಞಾನವೋ ಕಾಯಿಲೆಯೋ? ಎರಡರಲ್ಲಿ ಯಾವುದು ಅಂತ ಹೇಳಿಬಿಡಿ, ಮುಂದಿನದನ್ನು ನಾನು ನೋಡಿಕೊಳ್ತೀನಿ.”

ಅವರು ವಿವರಿಸಿದ ಅನುಭವ ಹೀಗಿತ್ತು. ಕೆಲವು ತಿಂಗಳಿಂದ ತರಗತಿಯಲ್ಲಿ ಪಾಠ ಮಾಡುವಾಗ ತಮ್ಮ ದನಿ ಬೇರೆ ಯಾರದೋ ಎಂಬಂತೆ ಕಿವಿಗೆ ಬೀಳುತ್ತದೆ; ಹಲಗೆಯ ಮೇಲೆ ಬರೆಯುವ ಕೈ ತಮ್ಮದೆಂದು ಗೊತ್ತಿದ್ದರೂ ತಮ್ಮದೆನಿಸುವುದಿಲ್ಲ; ಮನೆಮಂದಿಯ ಮುಖಗಳು ಗಾಜಿನ ಆಚೆಗಿರುವಂತೆ ಚಪ್ಪಟೆಯಾಗಿ ಕಾಣುತ್ತವೆ. ಲೆಕ್ಕ ತಪ್ಪುವುದಿಲ್ಲ, ಸಾರಿಗೆ ಉಪ್ಪು ಹೆಚ್ಚುಕಡಿಮೆಯಾಗುವುದಿಲ್ಲ, ಹಾಜರಿ ಪುಸ್ತಕ ಬಾಕಿ ಉಳಿಯುವುದಿಲ್ಲ. ಎಲ್ಲವೂ ನಡೆಯುತ್ತದೆ, ನಡೆಸುವವರು ಮಾತ್ರ ಒಳಗೆ ಯಾರೂ ಇಲ್ಲ. ಮಗನಿಗೆ ಜ್ವರ 103 ಡಿಗ್ರಿಗೆ ಏರಿದ ಒಂದು ರಾತ್ರಿ ಹಣೆಗೆ ಒದ್ದೆ ಬಟ್ಟೆ ಹಾಕಿದರು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟರು, ಜ್ವರದ ಅಂಕಿಯನ್ನು ಚೀಟಿಯಲ್ಲಿ ಬರೆದಿಟ್ಟರು. ಆದರೆ ತಾಯಿಗೆ ಸಹಜವಾಗಿ ಆಗಬೇಕಾದ ಆತಂಕ ಎಳ್ಳಷ್ಟೂ ಆಗಲಿಲ್ಲ. ಆತಂಕವಾಗಲಿಲ್ಲವಲ್ಲ ಎಂಬುದೇ ಅವರನ್ನು ದಿಗಿಲುಗೊಳಿಸಿ ನನ್ನಲ್ಲಿಗೆ ಕರೆತಂದಿತು.

‘ಜ್ಞಾನ’ ಎಂಬ ಮಾತು ಅವರ ಬಾಯಲ್ಲಿ ಬರುವುದಕ್ಕೆ ಹಿನ್ನೆಲೆಯಿದೆ. ಅವರ ತಂದೆ ನಿವೃತ್ತ ಮುಖ್ಯೋಪಾಧ್ಯಾಯರು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು ಕನ್ನಡದಲ್ಲಿ ಹೊರತಂದ ಶಾಂಕರಭಾಷ್ಯದ ಸಂಪುಟಗಳನ್ನು ಪೆನ್ಸಿಲ್ ಹಿಡಿದು ದಿನವೂ ಓದುತ್ತಿದ್ದವರು. ಆ ಭಾಗದ ಎಷ್ಟೋ ಮನೆಗಳಲ್ಲಿರುವಂತೆ ಮಕ್ಕಳಿಬ್ಬರೂ ತಂದೆಯನ್ನು ‘ಅಣ್ಣ’ ಎಂದೇ ಕರೆಯುತ್ತಿದ್ದರು. ಸುಮತಿಯವರಿಗೆ 15 ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅಳುತ್ತಿದ್ದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂದೆ ಹೇಳಿದ ಮಾತನ್ನು ಅವರು ಅಕ್ಷರಶಃ ನೆನಪಿಟ್ಟುಕೊಂಡಿದ್ದರು: “ಅಳ್ತಾ ಇರೋದು ಯಾರು ನೋಡು ಮಗು. ಮನಸ್ಸು ಅಳ್ತಾ ಇದೆ. ನೀನು ಅದನ್ನ ನೋಡ್ತಾ ಇದ್ದೀಯ. ನೀನು ಸಾಕ್ಷಿ ಮಾತ್ರ.” ಮಾತು ನಾಟಿತು, ಅಳು ನಿಂತಿತು. ಅಂದಿನಿಂದ ಪರೀಕ್ಷೆಯ ಭಯ, ತಪ್ಪಿಹೋದ ಸಂಬಂಧ, ಗರ್ಭಪಾತ, ವರ್ಗಾವಣೆ, ಹೀಗೆ ಬಂದದ್ದಕ್ಕೆಲ್ಲ ಅದೇ ಮದ್ದಾಯಿತು. ತಂದೆಗೆ ಪಾರ್ಶ್ವವಾಯು ಬಡಿದು ಎರಡು ವರ್ಷ ಹಾಸಿಗೆ ಹಿಡಿದಾಗ, ತಮ್ಮ ಅಮೆರಿಕದಲ್ಲಿದ್ದುದರಿಂದ, ಆರೈಕೆಯ ಭಾರವನ್ನೆಲ್ಲ ಅವರೇ ಹೊತ್ತರು. ತಂದೆ ತೀರಿಕೊಂಡಾಗ ಅವರು ಅಳಲಿಲ್ಲ. ಬಂದವರು ಗೀತೆಯ ಎರಡನೆಯ ಅಧ್ಯಾಯದ ‘ಅಶೋಚ್ಯಾನನ್ವಶೋಚಸ್ತ್ವಂ’, ‘ನೈನಂ ಛಿಂದಂತಿ ಶಸ್ತ್ರಾಣಿ’ ಎಂಬ ಶ್ಲೋಕಗಳನ್ನು ಹೇಳಿ, ಇಂಥ ಮಗಳು ಸಿಗುವುದಕ್ಕೆ ಪುಣ್ಯ ಮಾಡಿರಬೇಕು ಎಂದು ಹೊಗಳಿ ಹೋದರು. ಹದಿಮೂರು ದಿನ ಕಳೆದ ಮೇಲೆ ನಿದ್ದೆ ಹತ್ತದ ರಾತ್ರಿಗಳಲ್ಲಿ ಮೊಬೈಲಿನಲ್ಲಿ ವೇದಾಂತ ಪ್ರವಚನದ ತುಣುಕುಗಳನ್ನು ಕೇಳತೊಡಗಿದರು. ಕೇಳಿ ಮುಗಿದ ಮೇಲೆ ಕಣ್ಣು ಮುಚ್ಚಿ ಕುಳಿತು ‘ನಾನು ದೇಹವಲ್ಲ, ನಾನು ಮನಸ್ಸಲ್ಲ’ ಎಂದು ಒಂದೊಂದನ್ನೇ ತಳ್ಳುತ್ತಾ ಹೋದರು. ಕೆಲವೇ ವಾರಗಳಲ್ಲಿ, ಒಂದು ಬೆಳಗ್ಗೆ ಹಲ್ಲುಜ್ಜುತ್ತಿರುವಾಗ, ಕನ್ನಡಿಯಲ್ಲಿದ್ದ ಮುಖ ಅಪರಿಚಿತವೆನಿಸಿತು. ಆ ಗಾಜು ಮತ್ತೆ ಸರಿಯಲಿಲ್ಲ.

ಇಂಥವರು ಬಂದಾಗ, ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ನಮ್ಮ ವೃತ್ತಿಯವರಿಗೆ ಎರಡು ಬಗೆಯ ಸೆಳೆತವಿರುತ್ತದೆ. ತತ್ತ್ವದ ಮಾತನ್ನೆಲ್ಲ ರೋಗಲಕ್ಷಣವೆಂದು ಬದಿಗೆ ತಳ್ಳಿಬಿಡುವುದು ಒಂದು. ದೊಡ್ಡ ಮಾತುಗಳೆಂಬ ಗೌರವದಿಂದ ಅವುಗಳ ಕೆಳಗೆ ಏನಿದೆ ಎಂದು ನೋಡದೇ ಇರುವುದು ಇನ್ನೊಂದು. ಎರಡರಲ್ಲಿ ಯಾವುದನ್ನು ಮಾಡಿದ್ದರೂ ಸುಮತಿಯವರು ಎರಡನೆಯ ಬಾರಿ ಬರುತ್ತಿರಲಿಲ್ಲವೆಂದು ನನಗನಿಸುತ್ತದೆ. ಆದ್ದರಿಂದ ಪ್ರಶ್ನೆಗೆ ಉತ್ತರವನ್ನು ಕೂಡಲೇ ಕೊಡದೆ, ಮೊದಲು ತಳ್ಳಿಹಾಕಬೇಕಾದುದನ್ನು ತಳ್ಳಿಹಾಕೋಣವೆಂದು ಹೇಳಿ, ಅವರನ್ನು ಒಬ್ಬ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಮಿದುಳಿನ ಟೆಂಪೊರಲ್ ಭಾಗದ ಅಪಸ್ಮಾರ (ಮೂರ್ಛೆರೋಗ), ಥೈರಾಯ್ಡ್ ಏರುಪೇರು, ಬಿ12 ಕೊರತೆ, ತೀವ್ರ ಖಿನ್ನತೆ, ಭಯಾಘಾತ, ನಿದ್ರಾಹೀನತೆ ಮುಂತಾದವುಗಳಲ್ಲಿ ಹೀಗೆ ತನ್ನಿಂದ ತಾನೇ ದೂರವಾದ ಅನುಭವ ಬರಬಹುದು. ಗಾಂಜಾ ಸೇವನೆಯಿಂದಲೂ ಬರುತ್ತದೆ, ಇಲ್ಲಿ ಅದರ ಪ್ರಶ್ನೆಯಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಮತ್ತು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯಲ್ಲಿ ದೋಷ ಕಾಣಲಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ನಾನು ನೇರವಾಗಿಯೇ ಕೇಳಿದೆ; ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟಿಕೊಳ್ಳುತ್ತದೆಂಬ ಅಂಜಿಕೆ ಆಧಾರವಿಲ್ಲದ್ದು. “ಸಾಯಬೇಕು ಅಂತ ಇಲ್ಲ, ಆದರೆ ಈಗ ಬದುಕಿದ್ದೀನಿ ಅಂತಲೂ ಅನ್ನಿಸಲ್ಲ” ಎಂದರು. ಆ ಉತ್ತರವನ್ನು ಬರೆದಿಟ್ಟುಕೊಂಡು, ಮುಂದಿನ ಪ್ರತಿ ಭೇಟಿಯಲ್ಲಿಯೂ ಅದನ್ನೇ ಮತ್ತೆ ಕೇಳುತ್ತಿದ್ದೆ. ಯಾವ ಹೊತ್ತಿನಲ್ಲಾದರೂ ಆ ಯೋಚನೆ ತಲೆಯೆತ್ತಿದರೆ ಕನ್ನಡದಲ್ಲಿಯೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರಿಗೂ ಅವರ ಪತಿಗೂ ಕೊಟ್ಟಿದ್ದೆ.

ರೋಗನಿರ್ಣಯಕ್ಕೆ ನನಗೆ ನೆರವಾದದ್ದು ಅವರ ಭಾಷೆಯಲ್ಲಿದ್ದ ಎಚ್ಚರ. ಕೈ ತನ್ನದಲ್ಲ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ತನ್ನದಲ್ಲ ‘ಅನಿಸುತ್ತದೆ’ ಎಂದೇ ಹೇಳುತ್ತಿದ್ದರು. ವಾಸ್ತವದ ಮೇಲಿನ ಹಿಡಿತ ತಪ್ಪಿಲ್ಲ ಎಂಬುದಕ್ಕೆ ಇದೇ ಸಾಕ್ಷ್ಯ, ಮತ್ತು ಚಿತ್ತವಿಕಲತೆಯಿಂದ ಈ ಸ್ಥಿತಿಯನ್ನು ಬೇರ್ಪಡಿಸುವ ಗೆರೆಯೂ ಇದೇ. ಮನೋವೈದ್ಯಶಾಸ್ತ್ರವು ಇದನ್ನು ಡಿಪರ್ಸನಲೈಸೇಶನ್ ಎಂದು ಕರೆಯುತ್ತದೆ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿಯೂ, 2022ರಿಂದ ಬಳಕೆಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11ರಲ್ಲಿಯೂ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. ಬದುಕಿನಲ್ಲಿ ಒಮ್ಮೆಯಾದರೂ ಕ್ಷಣಕಾಲ ಇದನ್ನು ಅನುಭವಿಸಿದವರು ಬಹಳ ಮಂದಿ. ಅದು ಕಾಯಿಲೆಯಾಗಿ ನೆಲೆಯೂರುವುದು ಸುಮಾರು ನೂರರಲ್ಲಿ ಒಬ್ಬಿಬ್ಬರಿಗೆ. ಈ ಹೆಸರಿನ ಮೂಲವೂ ಕುತೂಹಲದ್ದೇ. ಜಿನೀವಾದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆಂರಿ ಫ್ರೆಡೆರಿಕ್ ಅಮಿಯೆಲ್, ಸಮಾಧಿಯಾಚೆಯಿಂದ ಬದುಕನ್ನು ನೋಡುತ್ತಿರುವಂತೆ ತನಗೆ ತೋರುತ್ತಿದೆ ಎಂದು 1880ರಲ್ಲಿ ದಿನಚರಿಯಲ್ಲಿ ಬರೆದುಕೊಂಡ. 1898ರಲ್ಲಿ ಫ್ರೆಂಚ್ ಮನೋವಿಜ್ಞಾನಿ ಲೂಡೊವಿಕ್ ಡ್ಯೂಗಾ ಆ ಬರಹದಿಂದ ಪದವನ್ನು ಎತ್ತಿಕೊಂಡು ರೋಗಕ್ಕೆ ಇಟ್ಟ. ಹೀಗೆ ತತ್ತ್ವಶಾಸ್ತ್ರಜ್ಞನೊಬ್ಬನ ಸಂಕಟದಿಂದಲೇ ಮನೋವಿಜ್ಞಾನ ಪಡೆದ ಹೆಸರಿದು ಎಂದು ಹೇಳಿದಾಗ ಸುಮತಿಯವರು ಮೊದಲ ಬಾರಿಗೆ ಸ್ವಲ್ಪ ನಕ್ಕರು. ತಾವು ಒಬ್ಬರೇ ಅಲ್ಲ ಎಂಬ ತಿಳಿವಳಿಕೆ ಅವರಿಗೆ ಆ ಹೊತ್ತಿನಲ್ಲಿ ಬೇಕಾಗಿತ್ತು.

ಇದು ಏಕೆ ಆಗುತ್ತದೆ ಎಂಬುದಕ್ಕೆ ಇರುವ ವಿವರಣೆಗಳಲ್ಲಿ, 1998ರಲ್ಲಿ ಮನೋವೈದ್ಯರಾದ ಸಿಯೆರಾ ಮತ್ತು ಬೆರಿಯೋಸ್ ಮುಂದಿಟ್ಟದ್ದನ್ನು ನಾನು ಸರಳಗೊಳಿಸಿ ಹೇಳಿದೆ. ಆತಂಕವು ತಡೆಯಲಾರದ ಮಟ್ಟ ಮುಟ್ಟಿದಾಗ ಮಿದುಳಿನ ಮುಂಭಾಗವು ಭಾವನೆಗಳಿಗೆ ಸಂಬಂಧಿಸಿದ ಒಳಭಾಗಗಳನ್ನು ಅದುಮಿಹಿಡಿಯುತ್ತದೆ. ಅಪಾಯದ ಹೊತ್ತಿನಲ್ಲಿ ಇದು ಉಪಕಾರಿ, ಏಕೆಂದರೆ ಕೈಕಾಲು ತಣ್ಣಗೆ ಕೆಲಸ ಮಾಡುತ್ತವೆ. ಅಪಾಯ ಕಳೆದ ಮೇಲೂ ಆ ಹಿಡಿತ ಸಡಿಲವಾಗದಿದ್ದರೆ, ಮನೆಯಲ್ಲಿ ಶಾರ್ಟ್ ಆದಾಗ ಬಿದ್ದ ಮೇನ್ ಸ್ವಿಚ್ಚನ್ನು ಯಾರೂ ಮತ್ತೆ ಮೇಲೆತ್ತದೆ ಬಿಟ್ಟಂತೆ, ನೋವಿನೊಂದಿಗೆ ಪ್ರೀತಿ, ರುಚಿ, ತನ್ನತನ ಎಲ್ಲವೂ ಆರಿಹೋಗುತ್ತವೆ.

ಅವರು ವಿವರಣೆಯನ್ನು ಒಪ್ಪಿದರು, ಒಪ್ಪಿದ್ದರಿಂದಲೇ ನೊಂದರು. “ಹಾಗಾದರೆ ಇದು ಕಾಯಿಲೆ. ಅಣ್ಣ ಹೇಳಿಕೊಟ್ಟದ್ದೆಲ್ಲ ಕಾಯಿಲೆಗೆ ದಾರಿ, ಅಷ್ಟೇ ತಾನೇ?” ಈ ಮಾತನ್ನು ಹಾಗೆಯೇ ಬಿಟ್ಟಿದ್ದರೆ ಅವರು ತಂದೆಯನ್ನು ಎರಡನೆಯ ಬಾರಿ ಕಳೆದುಕೊಳ್ಳುತ್ತಿದ್ದರು. ನಾನು ಸಂಸ್ಕೃತ ವಿದ್ವಾಂಸೆಯಲ್ಲ. ಆದರೆ ಅವರು ಬದುಕನ್ನು ನೇತುಹಾಕಿದ್ದ ಮೊಳೆ ಆ ಶಾಸ್ತ್ರದಲ್ಲಿಯೇ ಇದ್ದುದರಿಂದ, ಅಲ್ಲಿಗೇ ಹೋಗಿ ನೋಡೋಣವೆಂದೆ. ತಂದೆಯ ಕಪಾಟಿನಿಂದ ಬ್ರಹ್ಮಸೂತ್ರಭಾಷ್ಯದ ಮೊದಲ ಸಂಪುಟವನ್ನು ತರಲು ಹೇಳಿದೆ.

ಮುಂದಿನ ಕೆಲವು ಭೇಟಿಗಳಲ್ಲಿ ನಾವು ಓದಿದ್ದು ಅದರ ಪೀಠಿಕೆಯಾದ, ಒಂದನ್ನು ಇನ್ನೊಂದೆಂದು ತಪ್ಪಾಗಿ ತಿಳಿಯುವುದನ್ನು ಕುರಿತ ಅಧ್ಯಾಸಭಾಷ್ಯದ ಕೆಲವೇ ಪುಟಗಳು. ಹೆಂಡತಿ ಮಕ್ಕಳು ಕುಂದಿದಾಗ ಮನುಷ್ಯ ತಾನೇ ಕುಂದಿದೆನೆಂದುಕೊಳ್ಳುತ್ತಾನೆ, ದೇಹ ದಪ್ಪಗಿದ್ದರೆ ತಾನು ದಪ್ಪವೆನ್ನುತ್ತಾನೆ ಎಂದು ದಿನಬಳಕೆಯ ಅನುಭವದಿಂದಲೇ ಶಂಕರರು ಉದಾಹರಣೆ ಕೊಡುತ್ತಾರೆ. ಸುಮತಿಯವರಿಗೆ ಇದು ಬಾಯಿಪಾಠವಾಗಿತ್ತು. ಅವರು ಅಷ್ಟಾಗಿ ಗಮನಿಸದೆ ಬಿಟ್ಟದ್ದು ಅದಕ್ಕೂ ಸ್ವಲ್ಪ ಮೊದಲೇ ಬರುವ ‘ಪಶ್ವಾದಿಭಿಶ್ಚಾವಿಶೇಷಾತ್’ ಎಂಬ ಮಾತು. ಕೋಲೆತ್ತಿದವನನ್ನು ಕಂಡು ಪಶು ಹಿಂದೆ ಸರಿಯುತ್ತದೆ, ಹಸಿರು ಹುಲ್ಲು ಹಿಡಿದವನ ಕಡೆಗೆ ಬರುತ್ತದೆ. ವಿವೇಕಿಗಳೂ ವ್ಯವಹಾರದಲ್ಲಿ ಇದಕ್ಕಿಂತ ಬೇರೆಯಾಗಿ ನಡೆದುಕೊಳ್ಳುವುದಿಲ್ಲ ಎಂಬುದು ಅಲ್ಲಿಯ ತಾತ್ಪರ್ಯ. ಅಂದರೆ ಓದಿದವರ ಮೈಯೂ ಬೆದರುತ್ತದೆ, ಹಾತೊರೆಯುತ್ತದೆ. ಅದಕ್ಕಾಗಿ ಶಾಸ್ತ್ರವೇನೂ ಅವರನ್ನು ಛೀಮಾರಿ ಹಾಕುವುದಿಲ್ಲ. ಅದೇ ಗ್ರಂಥದ ಮೊದಲ ಸೂತ್ರದ ಭಾಷ್ಯದಲ್ಲಿ, ‘ನಾನು ಯಾರು’ ಎಂಬ ವಿಚಾರಕ್ಕೆ ಇಳಿಯುವವನಲ್ಲಿ ಮೊದಲೇ ಇರಬೇಕಾದ ಸಿದ್ಧತೆಯನ್ನು ವಿವೇಕ, ವೈರಾಗ್ಯ, ಶಮದಮಾದಿಗಳು (ಮನಸ್ಸು, ಇಂದ್ರಿಯಗಳ ಹಿಡಿತ ಮೊದಲಾದವು), ಮುಮುಕ್ಷುತ್ವ (ಬಿಡುಗಡೆಯ ಹಂಬಲ) ಎಂದು ಹೇಳಿದೆ. ಆ ಶಮದಮಾದಿಗಳ ಸಾಲಿನಲ್ಲಿ ತಿತಿಕ್ಷೆಯೂ ಒಂದು. ಬಂದ ನೋವನ್ನು ತಾಳಿಕೊಳ್ಳುವ ಶಕ್ತಿ ಎಂದು ಅದರ ಅರ್ಥ. ತಾಳಿಕೊಳ್ಳಬೇಕಾದರೆ ನೋವು ಮೊದಲು ತಟ್ಟಬೇಕಲ್ಲವೇ ಎಂದು ಕೇಳಿದೆ. ನಡುರಾತ್ರಿ ಮೊಬೈಲಿನಲ್ಲಿ ಸಿಗುವ ಹತ್ತು ನಿಮಿಷದ ತುಣುಕುಗಳು ತೀರ್ಮಾನವನ್ನು ಮಾತ್ರ ಹೇಳಿ ಈ ಸಿದ್ಧತೆಯನ್ನು ಬಿಟ್ಟುಬಿಡುತ್ತವೆ. ಲೆಕ್ಕದ ಮೇಷ್ಟರಿಗೆ ಹೇಳಬೇಕಾಗಿಲ್ಲ, ಹಂತಗಳಿಲ್ಲದ ಉತ್ತರಕ್ಕೆ ಅವರೂ ಅಂಕ ಕೊಡುವವರಲ್ಲ.

ಆದರೆ ನಿಜವಾಗಿ ಅವರನ್ನು ಅಲುಗಿಸಿದ್ದು ಒಂದು ತರ್ಕ. ವೇದಾಂತದಲ್ಲಿ ಕಾಣಿಸಿಕೊಳ್ಳುವುದೆಲ್ಲ ದೃಶ್ಯ, ಕಾಣುವುದು ದೃಕ್. ಸುಮತಿಯವರು ತಮಗಾದ ಅನುಭವವನ್ನು ವಿವರಿಸುವಾಗಲೆಲ್ಲ ‘ದೂರದಿಂದ ನೋಡ್ತಾ ಇದ್ದೀನಿ’ ಎನ್ನುತ್ತಿದ್ದರು. ಆ ದೂರ ನಿಮಗೆ ಗೊತ್ತಾಗುತ್ತದೆಯೇ ಎಂದು ಕೇಳಿದೆ. ಗೊತ್ತಾಗುತ್ತದೆ, ಅದೇ ಹಿಂಸೆ ಎಂದರು. ಗೊತ್ತಾಗುವುದಾದರೆ ಆ ದೂರವೂ, ಮರಗಟ್ಟಿದಂತಾಗುವುದೂ, ದಿಗಿಲೂ ದೃಶ್ಯದ ಸಾಲಿಗೇ ಸೇರಬೇಕು. ದೂರ ನಿಂತು ಹೆದರುತ್ತಿರುವ ಒಬ್ಬಾಕೆಯನ್ನು ನೀವು ಸಾಕ್ಷಿ ಎಂದುಕೊಂಡಿದ್ದೀರಿ, ಶಾಸ್ತ್ರದ ಸಾಕ್ಷಿಯಾದರೋ ದುಃಖಕ್ಕೆ ದೂರವಾಗಿ ಸುಖಕ್ಕೆ ಹತ್ತಿರವಾಗಿ ಎಲ್ಲೋ ಮೂಲೆಯಲ್ಲಿ ನಿಂತಿರುವಂಥದ್ದಲ್ಲ, ಅಳುವಾಗಲೂ ನಗುವಾಗಲೂ ಅದು ಅಷ್ಟೇ ಸಮೀಪದಲ್ಲಿರುತ್ತದೆ ಎಂದು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಹಾಗಿದ್ದರೆ ಅಳುವುದಕ್ಕೂ ಅದಕ್ಕೂ ಜಗಳವಿಲ್ಲ ಎಂದಾಯಿತು ಎಂದು ನಿಧಾನವಾಗಿ ಹೇಳಿದರು.

ಅವರ ಮೊದಲ ಪ್ರಶ್ನೆಗೆ ನನ್ನ ಉತ್ತರವನ್ನು ನಾನು ಕೊಟ್ಟದ್ದು ಆ ದಿನ. ಅರಿವಿನಿಂದ ಬಂದ ಬಿಡುಗಡೆಯಲ್ಲಿ ಹೆದರಿಕೆ ತಗ್ಗುತ್ತದೆ, ಜನರೊಡನೆ ಮೃದುತ್ವ ಹೆಚ್ಚುತ್ತದೆ, ಬೇಕೆಂದಾಗ ಮಗನ ಜ್ವರಕ್ಕೆ ಮನಸ್ಸು ತೆರೆದುಕೊಳ್ಳುತ್ತದೆ. ನಿಮ್ಮ ಸ್ಥಿತಿ ನಿಮ್ಮ ಇಚ್ಛೆ ಕೇಳದೆ ಬಂದದ್ದು, ಬಿಡೆಂದರೆ ಬಿಡದಿರುವುದು, ಹೆದರಿಕೆಯನ್ನು ಕೂಡಿಟ್ಟಿರುವುದು. ಆದ್ದರಿಂದ ಇದು ಸದ್ಯಕ್ಕೆ ಚಿಕಿತ್ಸೆ ಬೇಕಾದ ಸ್ಥಿತಿಯೆಂದೇ ನಾನು ತಿಳಿಯುತ್ತೇನೆ, ಮತ್ತು ಇದರಿಂದ ನಿಮ್ಮ ತಂದೆ ಓದಿದ ಗ್ರಂಥಕ್ಕೆ ಯಾವ ಕಳಂಕವೂ ತಟ್ಟುವುದಿಲ್ಲ. ‘ನಾನು ಯಾರು’ ಎಂಬುದು ತತ್ತ್ವದ ಪ್ರಶ್ನೆ, ‘ನನಗೆ ಏನಾಯಿತು’ ಎಂಬುದು ಮನಸ್ಸಿನ ಪ್ರಶ್ನೆ. ಹದಿನೈದರ ಹುಡುಗಿ ಎರಡನೆಯದನ್ನು ಕೇಳಿದಾಗ ಅವಳಿಗೆ ಸಿಕ್ಕಿದ್ದು ಮೊದಲನೆಯದರ ಉತ್ತರ.

ತತ್ತ್ವಚಿಂತನೆ ಮನುಷ್ಯನನ್ನು ಒಣಗಿಸಿದ ನಿದರ್ಶನ ನಮ್ಮಲ್ಲಿ ಮಾತ್ರ ಇಲ್ಲವೆಂದು ತೋರಿಸಲು ಸ್ಕಾಟ್ಲೆಂಡಿನ ತತ್ತ್ವಶಾಸ್ತ್ರಜ್ಞ ಡೇವಿಡ್ ಹ್ಯೂಮನ ಕಥೆಯನ್ನೂ ಹೇಳಿದೆ. ತನ್ನೊಳಗೆ ಎಷ್ಟು ಹೊಕ್ಕು ನೋಡಿದರೂ ಬಿಸಿ, ತಂಪು, ಪ್ರೀತಿ, ದ್ವೇಷ ಇಂಥ ಯಾವುದೋ ಒಂದು ಅನುಭವವೇ ಎದುರಾಗುತ್ತದೆಯೇ ಹೊರತು ‘ನಾನು’ ಎಂಬುದು ಪ್ರತ್ಯೇಕವಾಗಿ ಸಿಗುವುದಿಲ್ಲ ಎಂದು ಅವನು 1739ರಲ್ಲಿ ಅಚ್ಚಾದ ಗ್ರಂಥದಲ್ಲಿ ವಾದಿಸಿದ. ಅದೇ ಭಾಗದ ಕೊನೆಗೆ ಬರುವಾಗ ತನ್ನ ವಾದದಿಂದಲೇ ಅವನಿಗೆ ದಾರಿಗೆಟ್ಟಂತಾಗಿ, ತಾನು ಎಲ್ಲಿದ್ದೇನೆ, ಏನು ಎಂಬ ಕತ್ತಲೆ ಕವಿಯುತ್ತದೆ. ಆಗ ಅವನನ್ನು ಎತ್ತಿದ್ದು ಇನ್ನೊಂದು ವಾದವಲ್ಲ. ಊಟ ಮಾಡುತ್ತೇನೆ, ಬ್ಯಾಕ್‌ಗ್ಯಾಮನ್ ಎಂಬ ದಾಳದ ಆಟವಾಡುತ್ತೇನೆ, ಗೆಳೆಯರೊಡನೆ ಹರಟಿ ನಗುತ್ತೇನೆ, ಮೂರ್ನಾಲ್ಕು ಗಂಟೆಯ ಬಳಿಕ ಆ ಚಿಂತನೆಗಳಿಗೆ ಮರಳಹೋದರೆ ಅವು ತಣ್ಣಗೆ ನಗೆಪಾಟಲಾಗಿ ಕಾಣುತ್ತವೆ ಎಂದು ಅವನೇ ಬರೆದಿದ್ದಾನೆ. ಇಷ್ಟು ಪ್ರಾಮಾಣಿಕವಾದ ತತ್ತ್ವಶಾಸ್ತ್ರಜ್ಞರು ಕಡಿಮೆ. ಅವನ ಉಪಾಯವನ್ನೇ ನಾನು ಸಲಹೆಯಾಗಿ ಕೊಟ್ಟೆ: ಮುಂದಿನ ಸೂಚನೆಯವರೆಗೆ ಕಣ್ಣು ಮುಚ್ಚಿ ಕೂರುವುದು ಬೇಡ, ರಾತ್ರಿ ಪ್ರವಚನ ಬೇಡ, ಮೊಬೈಲು ಅಡುಗೆಮನೆಯಲ್ಲಿರಲಿ, ಬದಲಿಗೆ ಸಂಜೆ ಶಾಲೆಯ ಸಹೋದ್ಯೋಗಿಗಳೊಡನೆ ನಡೆದು ಬರುವುದು, ಚಪಾತಿ ಹಿಟ್ಟನ್ನು ಕೈಯಲ್ಲಿಯೇ ನಾದುವುದು, ಮಗನೊಂದಿಗೆ ಚೌಕಾಬಾರ ಆಡುವುದು. ಧ್ಯಾನದ ತೀವ್ರ ಅಭ್ಯಾಸದಿಂದ ಕೆಲವರಲ್ಲಿ ಈ ಸ್ಥಿತಿ ಬರಬಹುದೆಂಬುದು ಮನೋವೈದ್ಯ ಸಾಹಿತ್ಯದಲ್ಲಿ ದಾಖಲಾಗಿರುವ ಸಂಗತಿ. ಧ್ಯಾನ ಎಲ್ಲರಿಗೂ ಎಲ್ಲ ಕಾಲಕ್ಕೂ ಹಿತವೆಂಬ ಮಾತನ್ನು ನಾನು ನಂಬುವುದಿಲ್ಲ.

ಇನ್ನೊಂದು ಸಲಹೆ ಸಣ್ಣದಾದರೂ ಫಲ ಕೊಟ್ಟಿತು. ಈ ತೊಂದರೆಯುಳ್ಳವರು ‘ಈಗಲೂ ಹಾಗೇ ಇದೆಯೇ’ ಎಂದು ಕೈಯನ್ನೋ ಕನ್ನಡಿಯನ್ನೋ ನೋಡಿ ಪದೇಪದೇ ಪರೀಕ್ಷಿಸಿಕೊಳ್ಳುತ್ತಾರೆ. ಪರೀಕ್ಷೆ ಹೆಚ್ಚಿದಷ್ಟೂ ಪರಕೀಯತೆ ಗಟ್ಟಿಯಾಗುತ್ತದೆ, ಏಕೆಂದರೆ ಯಾರ ಕೈಯನ್ನಾದರೂ ಐದು ನಿಮಿಷ ದಿಟ್ಟಿಸಿದರೆ ಅದು ವಿಚಿತ್ರವಾಗಿಯೇ ಕಾಣುತ್ತದೆ. ಸುಮತಿಯವರು ಇದನ್ನು ದಿನಕ್ಕೆ ಹತ್ತಾರು ಸಲ ಮಾಡುತ್ತಿದ್ದರು. ಹಾಗೆ ನೋಡಬೇಕೆನಿಸಿದಾಗ ಸುತ್ತಲಿನ ಯಾವುದಾದರೂ ಒಂದು ವಸ್ತುವನ್ನು ಮುಟ್ಟಿ, ಅದರ ಬಿಸಿ, ತೂಕ, ಒರಟುತನವನ್ನು ಬಾಯಿಬಿಟ್ಟು ಹೇಳಿ, ಮಾಡುತ್ತಿದ್ದ ಕೆಲಸಕ್ಕೆ ಮರಳಬೇಕೆಂದು ಗೊತ್ತುಮಾಡಿದೆವು. ಕೆಲವು ವಾರಗಳಲ್ಲಿ ಗಾಜು ಪೂರ್ತಿ ಸರಿಯದಿದ್ದರೂ ಅದರ ಭಯ ತಗ್ಗಿತು. ಔಷಧದ ವಿಷಯವನ್ನು ಮನೋವೈದ್ಯರಿಗೆ ಬಿಟ್ಟಿದ್ದೆ. ಈ ಸ್ಥಿತಿಗೆಂದೇ ನಿರ್ದಿಷ್ಟವಾದ ಮಾತ್ರೆ ಇಲ್ಲವಾದ್ದರಿಂದ, ಜೊತೆಗಿದ್ದ ಆತಂಕಕ್ಕೂ ನಿದ್ರೆಗೂ ಅವರು ಸ್ವಲ್ಪ ಕಾಲ ಔಷಧ ಕೊಟ್ಟರು.

ತಮ್ಮನ್ನು ತಾವು ಅರಿತುಕೊಳ್ಳುವ ಹಂಬಲ ಅವರಲ್ಲಿ ನಿಜವಾಗಿಯೇ ಇದ್ದುದರಿಂದ ಅದಕ್ಕೆ ಒಂದು ದಾರಿ ಬೇಕಿತ್ತು. 1890ರಲ್ಲಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ‘ಅರಿಯುವ ನಾನು’ ಮತ್ತು ‘ಅರಿಯಲ್ಪಡುವ ನಾನು’ ಎಂದು ಎರಡಾಗಿ ವಿಂಗಡಿಸಿ, ಎರಡನೆಯದರಲ್ಲಿ ದೇಹ, ಬಟ್ಟೆ, ಮನೆ, ಬಂಧುಗಳು, ನಮ್ಮನ್ನು ಬಲ್ಲವರು ನಮ್ಮ ಬಗ್ಗೆ ಇಟ್ಟುಕೊಂಡ ಚಿತ್ರಗಳು, ನಮ್ಮ ಒಲವುಗಳು ಎಲ್ಲವನ್ನೂ ಸೇರಿಸಿದ. ಅರಿಯುವ ನಾನಿನ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು, ಅರಿಯಲ್ಪಡುವ ನಾನನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ ಎಂದೆ. ಮೊದಲ ವಾರ ಅವರು ತಂದದ್ದು ಕರ್ತವ್ಯಗಳ ಪಟ್ಟಿ: ಶಿಕ್ಷಕಿ, ತಾಯಿ, ಸೊಸೆ, ಮಗಳು. ಒಲವುಗಳಿರಬೇಕಾದ ಪುಟ ಖಾಲಿಯಿತ್ತು. ಏನು ಇಷ್ಟ ಎಂದು ಕೇಳಿದರೆ, ಹಾಗೆ ಯೋಚಿಸಿದ್ದಿಲ್ಲ ಎಂದರು. ಸಾಕ್ಷಿಯಾಗಿ ನಿಲ್ಲುವುದನ್ನು ಚಿಕ್ಕವಯಸ್ಸಿಗೇ ಕಲಿತವರಿಗೆ ತಮಗೆ ಬೇಕಾದುದನ್ನು ಬೇಕೆನ್ನುವ ಅಭ್ಯಾಸವೇ ಆಗಿರುವುದಿಲ್ಲ. ನಿರಾಕರಿಸುವುದಕ್ಕೂ ಮೊದಲು ಒಂದು ‘ನಾನು’ ಬೆಳೆದಿರಬೇಕಾಗುತ್ತದೆ ಎಂಬುದು ನನ್ನ ಅನುಭವಕ್ಕೆ ಮತ್ತೆ ಮತ್ತೆ ಬಂದಿರುವ ಮಾತು.

ಭಾವನೆ ಮರಳಿದ್ದು ನಾವು ನಿರೀಕ್ಷಿಸಿದ ಬಾಗಿಲಿನಿಂದಲ್ಲ. ಒಂದು ಭಾನುವಾರ ಅಮೆರಿಕದಿಂದ ತಮ್ಮ ಫೋನ್ ಮಾಡಿ, ಮಾತಿನ ನಡುವೆ, “ಅಣ್ಣ ಪುಣ್ಯವಂತರು ಬಿಡಕ್ಕ, ಅನಾಯಾಸ ಮರಣ” ಎಂದರಂತೆ. ಎರಡು ವರ್ಷ ದಿನಕ್ಕೆ ನಾಲ್ಕು ಸಲ ಹಾಸಿಗೆಯ ಬಟ್ಟೆ ಬದಲಿಸಿ, ಬೆನ್ನುಹುಣ್ಣಿಗೆ ಪುಡಿ ಹಾಕಿ, ರಜೆಯೆಲ್ಲ ತೀರಿ ಸಂಬಳ ಕಡಿತವಾದವರು ಅವರು. “ಅನಾಯಾಸ ಆಗಿದ್ದು ನಿನಗೆ ಕಣೋ” ಎಂದು ಕೂಗಿ ಫೋನ್ ಇಟ್ಟರು. ನನ್ನೆದುರು ಇದನ್ನು ಹೇಳುವಾಗ ನಾಚಿಕೆಯಿಂದ ಕುಗ್ಗಿದ್ದರು. ನಾನು ಅವರ ನಾಚಿಕೆಯಲ್ಲಿ ಪಾಲುಗೊಳ್ಳಲಿಲ್ಲ. ಕೂಗಿದಾಗ ದನಿ ಯಾರದೆನಿಸಿತು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ತನ್ನದೇ ಎಂದರು.

ಸಿಟ್ಟು ಬಂದ ಮೇಲೆ ಉಳಿದದ್ದು ಒಂದೊಂದಾಗಿ ಹೊರಬಂದಿತು. ತಂದೆ ತೀರಿಕೊಂಡ ರಾತ್ರಿ ಅವರು ಹಲವು ದಿನಗಳ ನಿದ್ದೆಗೇಡಿನಿಂದ ಸೋತು, ಎಂದೂ ಇಲ್ಲದಂತೆ ಕೋಣೆಯ ಬಾಗಿಲು ಮುಂದೆ ಮಾಡಿ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಬೆಳಗಿನ ಜಾವ ಎದ್ದು ನೋಡಿದಾಗ ಉಸಿರಿರಲಿಲ್ಲ. ಇದನ್ನು ಗಂಡನಿಗೂ ಹೇಳಿರಲಿಲ್ಲ. ಆದರೆ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದ ಮಾತು ಇದಕ್ಕಿಂತ ಆಳದಲ್ಲಿತ್ತು. ಹಾಸಿಗೆಯ ಪಕ್ಕ ನಿಂತಾಗ ಮನಸ್ಸಿಗೆ ಮೊದಲು ಬಂದದ್ದು “ಸದ್ಯ, ಮುಗೀತು” ಎಂಬ ಎರಡು ಪದ. ಆ ಎರಡು ಪದಗಳನ್ನು ತಾನು ಆಡಿಲ್ಲ, ಮನಸ್ಸು ಆಡಿತು, ತಾನು ನೋಡಿದೆ ಅಷ್ಟೇ ಎಂದು ಅವರು ಕೂಡಲೇ ಸಾಕ್ಷಿಯ ಸ್ಥಾನಕ್ಕೆ ಹಾರಿದ್ದರು. ಅಲ್ಲಿಂದ ಇಳಿಯಲು ದಾರಿ ಸಿಕ್ಕಿರಲಿಲ್ಲ.

ಬಹುಕಾಲ ರೋಗಿಯನ್ನು ನೋಡಿಕೊಂಡವರಲ್ಲಿ ಈ ನಿರಾಳತೆ ತೀರಾ ಸಾಮಾನ್ಯವೆಂದೂ, ಪ್ರೀತಿ ಇದ್ದೂ ಅದು ಬರುತ್ತದೆಂದೂ, ಸಾವನ್ನು ಬಯಸುವುದಕ್ಕೂ ನರಳಾಟ ಮುಗಿಯಿತೆಂದು ಉಸಿರುಬಿಡುವುದಕ್ಕೂ ವ್ಯತ್ಯಾಸವಿದೆಯೆಂದೂ ನಾನು ಹೇಳಿದೆ. ಆ ರಾತ್ರಿಯ ವಿಷಯವನ್ನು ವೈದ್ಯರನ್ನು ಕೇಳಿ ಖಚಿತಪಡಿಸಿಕೊಳ್ಳಿ ಎಂದೂ ಹೇಳಿದೆ, ಏಕೆಂದರೆ ಪಾರ್ಶ್ವವಾಯುವಿನ ರೋಗಿಗೆ ಆ ರಾತ್ರಿ ಪಕ್ಕದಲ್ಲಿ ಕೂತಿದ್ದರೂ ಏನು ಮಾಡಬಹುದಿತ್ತು ಎಂಬುದು ನನ್ನ ವಿದ್ಯೆಯ ಮಿತಿಗೆ ಹೊರಗಿನದು. ಆ ಬಳಿಕ ತಂದೆಗೆ ಒಂದು ಪತ್ರ ಬರೆಯಲು ಹೇಳಿದೆ, ತಪ್ಪೊಪ್ಪಿಗೆಯಾಗಿ ಅಲ್ಲ, ದೂರುಗಳನ್ನೂ ಸೇರಿಸಿ. ಅವರು ಬರೆದು ತಂದ ಪತ್ರದಲ್ಲಿ ತಾಯಿ ಸತ್ತ ದಿನದ ಬಗ್ಗೆ ಒಂದು ವಾಕ್ಯವಿತ್ತು: “ಅಣ್ಣ, ಅವತ್ತು ನೀವು ವೇದಾಂತ ಹೇಳದೆ ಸುಮ್ಮನೆ ನನ್ನ ಜೊತೆ ಅತ್ತಿದ್ದರೆ ಸಾಕಿತ್ತು.” ಅದನ್ನು ಓದುವಾಗ ಅತ್ತರು. ಆ ಅಳುವಿಗೆ ನಾನು ಅರ್ಥ ಹೇಳಲಿಲ್ಲ.

ಪತಿಯೊಂದಿಗೂ ಮಾತನಾಡಿದೆ. “ಇವಳು ನಮ್ಮನ್ನೆಲ್ಲ ಬಿಟ್ಟು ಸನ್ಯಾಸಿನಿ ಆಗಿಬಿಟ್ಟಳೇನೋ ಅಂದುಕೊಂಡಿದ್ದೆ ಮೇಡಂ, ಮಾತಾಡಿಸೋಕೇ ಭಯ ಆಗ್ತಿತ್ತು” ಎಂದರು. ಒಳ್ಳೆಯ ಮನುಷ್ಯ, ದಿಕ್ಕು ತೋಚದೆ ಸುಮ್ಮನಾಗಿದ್ದರು. ಅವರಿಗೆ ಹೇಳಿದ್ದು ಇಷ್ಟು: ದಿನವೂ ‘ಈಗ ಹೇಗಿದೆ’ ಎಂದು ಕೇಳಬೇಡಿ, ಆ ಪ್ರಶ್ನೆಯೂ ಒಂದು ಪರೀಕ್ಷೆಯೇ; ಅತ್ತರೆ ಸಮಾಧಾನದ ಮಾತಿಗೆ ಅವಸರ ಮಾಡದೆ ಪಕ್ಕದಲ್ಲಿ ಕೂತಿರಿ; ನೆಂಟರು ಬಂದು ಶ್ಲೋಕ ಹೇಳಲು ಶುರುಮಾಡಿದರೆ ಕಾಫಿ ತರುವ ನೆಪದಲ್ಲಿ ಆಕೆಯನ್ನು ಒಳಗೆ ಕರೆಯಿರಿ. ಕೊನೆಯ ಸಲಹೆಯನ್ನು ಅವರು ಅತ್ಯಂತ ಶ್ರದ್ಧೆಯಿಂದ ಪಾಲಿಸಿದರೆಂದು ಸುಮತಿಯವರೇ ಹೇಳಿದರು.

ಈಗ ಔಷಧ ನಿಂತಿದೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ದಿನಗಳಲ್ಲಿ ನಿದ್ದೆಗೆಟ್ಟಾಗ ಗಾಜಿನ ಅನುಭವ ಕೆಲವು ಗಂಟೆ ಮರಳಿ ಬಂದು ಹೋಗುತ್ತದೆ. ಬಂದಾಗ ಪರೀಕ್ಷಿಸಿಕೊಳ್ಳದೆ ಗಂಡನಿಗೆ ಹೇಳಿ ಮಲಗಬೇಕು, ಎರಡು ವಾರಕ್ಕೂ ಮೀರಿ ನಿಂತರೆ ನನ್ನನ್ನೋ ಮನೋವೈದ್ಯರನ್ನೋ ಕಾಣಬೇಕು ಎಂಬ ಒಪ್ಪಂದವಿದೆ. ಶಾಸ್ತ್ರವನ್ನು ಮತ್ತೆ ಓದಬಹುದೇ ಎಂದು ಕೇಳಿದರು. ಓದಬಹುದು, ಒಬ್ಬರೇ ರಾತ್ರಿ ಹೊತ್ತು ಬೇಡ, ಹಗಲಿನಲ್ಲಿ, ಪ್ರಶ್ನೆ ಕೇಳಲು ಬಿಡುವ ಗುರುವಿನ ಎದುರಿಗೆ, ನಾಲ್ಕು ಜನರ ನಡುವೆ ಓದಿ ಎಂದೆ. ಊರಿನ ನಿವೃತ್ತ ಸಂಸ್ಕೃತ ಅಧ್ಯಾಪಕರೊಬ್ಬರು ಭಾನುವಾರ ಬೆಳಗ್ಗೆ ನಡೆಸುವ ಪಾಠಕ್ಕೆ ಹೋಗುತ್ತಿದ್ದಾರೆ. ಕಣ್ಣು ಮುಚ್ಚಿ ಕೂರುವ ಅಭ್ಯಾಸವನ್ನು ಮಾತ್ರ ಇನ್ನೂ ಶುರುಮಾಡಿಲ್ಲ, ನಾನೂ ಅವಸರಪಡಿಸಿಲ್ಲ. ನೋಟ್‌ಬುಕ್ಕಿನ ಒಲವುಗಳ ಪುಟದಲ್ಲಿ ಈಚೆಗೆ ಮಾವಿನಕಾಯಿ ಚಿತ್ರಾನ್ನ, ಜ್ಯಾಮಿತಿಯ ರಚನೆಗಳು, ಬಸ್ಸಿನ ಕಿಟಕಿ ಪಕ್ಕದ ಸೀಟು ಸೇರಿವೆ. ತಂದೆಯ ವರ್ಷಾಬ್ದಿಕಕ್ಕೆ ತಮ್ಮ ಬರುತ್ತಿದ್ದಾರೆ. ಪುರೋಹಿತರನ್ನೂ ಅಡುಗೆಯವರನ್ನೂ ಗೊತ್ತುಮಾಡುವ ಹೊಣೆಯನ್ನು ಸುಮತಿಯವರು ಈ ಬಾರಿ ಅವರಿಗೇ ವಹಿಸಿದ್ದಾರೆ.